ಕೆರೆಯ ಕಾಯಕವೂ ಹೆಚ್ಚಿನ ಅಕ್ಕಿಯೂ



ಪ್ರಾತಃಕಾಲದಲ್ಲೆದ್ದು ಶುಚಿರ್ಭೂತನಾಗಿ, ವಿಭೂತಿಯನ್ನು ಧರಿಸಿ, ಇಷ್ಟಲಿಂಗವನ್ನು ಕರಸ್ಥಲದಲ್ಲಿ ಬಿಜಯಂಗೈಸಿಕೊಂಡು ಕುಳಿತ ಭಕ್ತನು ಮೊದಲು ಕೈ ನೀಡುವುದು ಯಾವುದಕ್ಕೆ? ಪತ್ರೆಗಲ್ಲ, ಪುಷ್ಪಕ್ಕಲ್ಲ, ಮಜ್ಜನದ ನೀರಿಗೆ. ಪತ್ರೆ ದೊರೆಯದ ದಿನ ಪೂಜೆ ನಿಲ್ಲದು, ಹೂವು ದೊರೆಯದ ದಿನವೂ ನಿಲ್ಲದು. ನೀರಿಲ್ಲದ ದಿನ ಲಿಂಗಕ್ಕೆ ಮಜ್ಜನವಿಲ್ಲ, ಗುರುಜಂಗಮರಿಗೆ ಪಾದಪೂಜೆಯಿಲ್ಲ, ಭಕ್ತನಿಗೆ ಪಾದೋದಕವಿಲ್ಲ. ಅಷ್ಟಾವರಣಗಳಲ್ಲಿ ಪಾದೋದಕವನ್ನು ಎಣಿಸಿದ ಹಿರಿಯರು ನೀರನ್ನು ಬರಿಯ ಬಾಯಾರಿಕೆಯ ವಸ್ತುವೆಂದು ತಿಳಿದಿರಲಿಲ್ಲವೆಂಬುದು ಇದರಿಂದ ವಿಶದವಾಗುತ್ತದೆ. ಶಿವನ ಅಷ್ಟಮೂರ್ತಿಗಳನ್ನು ವರ್ಣಿಸುವಲ್ಲಿ ಆಗಮಜ್ಞರು ಜಲಮೂರ್ತಿಯಾದ ಶಿವನಿಗೆ ಭವನೆಂಬ ಹೆಸರಿಟ್ಟಿದ್ದಾರೆ. ಭವವೆಂದರೆ ಉಂಟಾಗುವಿಕೆ. ನೀರಿದ್ದಲ್ಲಿ ಉಂಟಾಗುತ್ತದೆ, ಇಲ್ಲದಲ್ಲಿ ಉಂಟಾಗದು.

ಈಗ ನಮ್ಮನ್ನು ನಾವೇ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಇಂದು ಬೆಳಿಗ್ಗೆ ನಾವು ಲಿಂಗಕ್ಕೆ ಎರೆದ ನೀರು ಎಲ್ಲಿಂದ ಬಂದಿತು? ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಎಷ್ಟೋ ಗ್ರಾಮಗಳಲ್ಲಿ ಅದು ಆಳವಾದ ಕೊಳವೆಬಾವಿಯಿಂದ ಬಂದುದು. ಆ ನೀರು ಅನೇಕ ಕಡೆ ಫ್ಲೋರೈಡ್ ಎಂಬ ದೋಷವುಳ್ಳದ್ದು. ಮಕ್ಕಳ ಹಲ್ಲಿನ ಮೇಲೆ ಕಂದುಗೆರೆಯನ್ನು ಬರೆಯುವಂಥದು, ವೃದ್ಧರ ಕೀಲುಗಳನ್ನು ಬಿಗಿಯುವಂಥದು. ಆದುದರಿಂದ ಗೃಹಿಣಿಯರು ಊರಿನ ಶುದ್ಧ ನೀರಿನ ಘಟಕದ ಮುಂದೆ ನಿಂತು, ನಾಣ್ಯ ಹಾಕಿ, ಕ್ಯಾನಿನಲ್ಲಿ ನೀರು ಹಿಡಿದು ತರುತ್ತಾರೆ. ಹಿಂದೆ ಕೆರೆಯ ಮಗ್ಗುಲಿನ ಸೇದುವ ಬಾವಿಯಿಂದ ಹಗ್ಗದಳತೆಯಲ್ಲಿ ಸಿಹಿನೀರು ದೊರೆಯುತ್ತಿದ್ದ ಊರುಗಳೇ ಇವು. ಲಿಂಗದ ಮಜ್ಜನಕ್ಕೂ ಕ್ರಯ ಕೊಡಬೇಕಾದ ಕಾಲವನ್ನು ನಾವು ಹೇಗೆ ತಂದುಕೊಂಡೆವು? ಇದೇ ಈ ದಿನದ ವಿಚಾರ.

ನಮ್ಮ ಸೀಮೆಯು ಎಂದೂ ಮಲೆನಾಡಾಗಿರಲಿಲ್ಲ. ವರ್ಷವೆಲ್ಲ ಸುರಿದರೆ ೬೦೦ ಮಿಲಿಮೀಟರಿನಷ್ಟು ಮಳೆ. ಕೆಲವು ವರ್ಷ ಅದೂ ಇಲ್ಲ. ಆದುದರಿಂದಲೇ ಹಿರಿಯರು ಬಿದ್ದ ಹನಿಯನ್ನು ನಿಲ್ಲಿಸಿ ನಡೆಸುವ ವಿದ್ಯೆಯನ್ನು ಸಾಧಿಸಿದರು. ಊರುಗಳ ಹೆಸರನ್ನೇ ನೋಡಿರಿ. ಹೊಳಲ್ ಎಂದರೆ ಹಳಗನ್ನಡದಲ್ಲಿ ಪಟ್ಟಣ. ಅದರೊಡನೆ ಕೆರೆ ಸೇರಿ ಹೊಳಲ್ಕೆರೆಯಾಯಿತು. ಸಿರಿಗೆರೆಯಲ್ಲಿ ಕೆರೆಯಿದೆ, ಚಳ್ಳಕೆರೆಯಲ್ಲಿ ಕೆರೆಯಿದೆ, ಗುಡ್ಡದನೇರಲಕೆರೆಯಲ್ಲಿ ಕೆರೆಯಿದೆ. ಭರಮಸಾಗರ, ಭೀಮಸಮುದ್ರಗಳೆಂದು ಬಯಲುಸೀಮೆಯ ಜನ ತಮ್ಮ ಕೆರೆಗಳನ್ನು ಸಾಗರ ಸಮುದ್ರಗಳೆಂದೇ ಕರೆದರು. ಮಳೆ ಕಡಿಮೆಯಾದ ನಾಡಿನಲ್ಲಿ ಹೀಗೆ ಕರೆದುದು ಬಡಾಯಿಯಲ್ಲ, ಕೃತಜ್ಞತೆ.

ಆ ಕೆರೆಗಳು ಒಂಟಿಯಾಗಿ ಇದ್ದವೂ ಅಲ್ಲ. ಮೇಲಿನ ಕೆರೆ ತುಂಬಿದ ಮೇಲೆ ಕೋಡಿಬಿದ್ದ ನೀರು ಹಳ್ಳವಾಗಿ ಹರಿದು ಕೆಳಗಿನ ಊರಿನ ಕೆರೆಗೆ, ಅದು ತುಂಬಿದ ಮೇಲೆ ಅದರ ಕೆಳಗಿನದಕ್ಕೆ, ಹೀಗೆ ಮಾಲೆ ಪೋಣಿಸಿದಂತೆ ಸಾಗುತ್ತಿತ್ತು. ಚಿತ್ರದುರ್ಗದ ಕೋಟೆಯನ್ನು ಹತ್ತಿದವರು ಈ ಕ್ರಮವನ್ನು ಕಣ್ಣಾರೆ ಕಾಣಬಹುದು. ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡದಲ್ಲಿ ನಿಲ್ಲುತ್ತದೆ. ಅದು ತುಂಬಿದರೆ ಅಕ್ಕತಂಗಿಯರ ಹೊಂಡಕ್ಕೆ. ಅಲ್ಲಿಂದ ಕೆಳಕ್ಕಿಳಿದು ಪೇಟೆಯ ಸಿಹಿನೀರು ಹೊಂಡಕ್ಕೆ, ಸಂತೆಹೊಂಡಕ್ಕೆ. ಮೇಲಿನವನು ತನಗೆ ಬೇಕಾದಷ್ಟನ್ನು ಸ್ವೀಕರಿಸಿ ಮಿಕ್ಕುದನ್ನು ಕೆಳಗಿನವನಿಗೆ ಬಿಡುವ ಈ ಕ್ರಮಕ್ಕೆ ಶರಣರ ಭಾಷೆಯಲ್ಲಿ ಒಂದು ಹೆಸರುಂಟು: ದಾಸೋಹ. ಕೋಡಿಯೆಂಬುದು ಕೆರೆಯ ದಾಸೋಹ. ಕೋಡಿಯಿಲ್ಲದ ಕೆರೆ ಒಡೆದು ಹೋಗುತ್ತದೆ; ದಾಸೋಹವಿಲ್ಲದ ಮನೆಯ ಗತಿಯೂ ಅದೇ.

ಇಂಥ ಕೆರೆಯನ್ನು ಕಾಯಲು ನಮ್ಮ ಪೂರ್ವಿಕರು ವ್ಯವಸ್ಥೆಯನ್ನೂ ಮಾಡಿದ್ದರು. ಶಾಸನಗಳನ್ನು ಓದಿದವರಿಗೆ ಬಿತ್ತುವಟ್ಟ, ದಸವಂದ, ಕಟ್ಟುಗೊಡಗೆ ಮುಂತಾದ ಪದಗಳು ಪರಿಚಿತವಾಗಿವೆ. ಇವೆಲ್ಲ ಕೆರೆಯನ್ನು ಕಟ್ಟಿದವರಿಗೂ ಕಾಯ್ದವರಿಗೂ ಬಿಟ್ಟ ಭೂಮಿ, ಉತ್ಪನ್ನಗಳ ಹೆಸರುಗಳು. ಏರಿಯ ಬಿರುಕನ್ನು ನೋಡುವುದಕ್ಕೆ, ತೂಬನ್ನು ತೆಗೆಯುವುದಕ್ಕೆ, ಅಚ್ಚುಕಟ್ಟಿನ ಕೊನೆಯ ಗದ್ದೆಗೂ ಸರದಿಯಂತೆ ನೀರು ಹಾಯಿಸುವುದಕ್ಕೆ ನೀರಗಂಟಿಯಿದ್ದನು. ಬೇಸಗೆಯಲ್ಲಿ ರೈತರು ಗಾಡಿ ಹೂಡಿ ಕೆರೆಯ ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುತ್ತಿದ್ದರು. ಹೊಲಕ್ಕೆ ಗೊಬ್ಬರವಾಯಿತು, ಕೆರೆಗೆ ಆಳವಾಯಿತು. ಇದನ್ನು ಯಾರೂ ಸೇವೆಯೆಂದು ಹೇಳಿಕೊಳ್ಳುತ್ತಿರಲಿಲ್ಲ. ಊಟದ ನಂತರ ಎಡೆಯೆತ್ತುವಂತೆ ಅದೊಂದು ಸಹಜವಾದ ಕೆಲಸವಾಗಿತ್ತು. ಮುಂದೆ ಕೆರೆಗಳು ಸರ್ಕಾರದ ಆಸ್ತಿಯಾದುವು, ಕೊಳವೆಬಾವಿಗಳು ಬಂದುವು, ನೀರಗಂಟಿಯ ಮಕ್ಕಳು ಬೇರೆ ಉದ್ಯೋಗ ಹಿಡಿದರು. ಊರಿನದಾಗಿದ್ದ ಕೆರೆ ಯಾರದ್ದೂ ಅಲ್ಲದ್ದಾಯಿತು. ಯಾರದ್ದೂ ಅಲ್ಲದ್ದು ಬಲವುಳ್ಳವನದಾಗಲು ಬಹುಕಾಲ ಬೇಕಾಗುವುದಿಲ್ಲ.

ಇಲ್ಲಿ ಪುರಾಣದ ಒಂದು ಪ್ರಸಂಗವನ್ನು ಸ್ಮರಿಸುವುದು ಉಚಿತ. ಭಗೀರಥನ ತಪಸ್ಸಿಗೆ ಮೆಚ್ಚಿ ಗಂಗೆ ಭೂಮಿಗಿಳಿಯಲು ಒಪ್ಪಿದಳು. ಆದರೆ ಆಕೆಯ ರಭಸವನ್ನು ಭೂಮಿ ತಾಳಲಾರದು. ಆಗ ಪರಶಿವನು ತನ್ನ ಜಟೆಯನ್ನೊಡ್ಡಿದನು. ಗಂಗೆ ಆ ಜಟೆಯಲ್ಲಿ ಸಿಕ್ಕಿ, ಸುತ್ತಿ, ವೇಗವನ್ನು ಕಳೆದುಕೊಂಡು, ಎಳೆಯೆಳೆಯಾಗಿ ನೆಲಕ್ಕಿಳಿದಳು. ನಾವು ಈ ಕಥೆಯನ್ನು ಕೇಳಿ ಕೈಮುಗಿದು ಎದ್ದುಹೋಗುತ್ತೇವೆ. ಜಟೆಯೆಂದರೆ ಏನೆಂದು ಕೇಳುವುದಿಲ್ಲ. ಜೋಗಿಮಟ್ಟಿಯ ಗುಡ್ಡಗಳನ್ನು ನೋಡಿರಿ. ಆ ಕುರುಚಲು ಕಾಡು, ಆ ಹುಲ್ಲು, ಆ ಬೇರುಗಳ ಜಾಲ, ಅದೇ ನಮ್ಮ ಪಾಲಿನ ಶಿವಜಟೆ. ಮಳೆಯ ರಭಸವನ್ನು ಅದು ತಾನು ತಾಳಿಕೊಂಡು ನೀರನ್ನು ಮೆಲ್ಲನೆ ಕಣಿವೆಗೆ ಬಿಡುತ್ತದೆ. ಗುಡ್ಡವನ್ನು ಬೋಳಿಸಿದರೆ, ಕಲ್ಲಿಗಾಗಿ ಅದಿರಿಗಾಗಿ ಅಗೆದರೆ, ಜಟೆಯನ್ನು ಕತ್ತರಿಸಿದಂತಾಯಿತು. ಮೊದಲ ಮಳೆಗೇ ಮಣ್ಣು ಕೊಚ್ಚಿಬಂದು ಕೆರೆಯ ಅಂಗಳದಲ್ಲಿ ಹೂಳಾಗಿ ಕೂರುತ್ತದೆ. ಆದುದರಿಂದ ಕೆರೆಯೆಂದರೆ ಏರಿಯೊಳಗಿನ ನೀರು ಮಾತ್ರವೆಂದು ತಿಳಿಯಬಾರದು. ಹನಿ ಬಿದ್ದ ಗುಡ್ಡದ ನೆತ್ತಿಯಿಂದ ಕೋಡಿಯವರೆಗಿನದೆಲ್ಲವೂ ಕೆರೆಯೇ. ಅಂಗದ ಒಂದು ಭಾಗವನ್ನು ಪೂಜಿಸಿ ಮತ್ತೊಂದನ್ನು ಕಡಿದರೆ ಅದು ಪೂಜೆಯಾಗುವುದೆಂತು?

ಹಿರಿಯೂರು ಸೀಮೆಯ ಮಾರಿಕಣಿವೆಯ ವೃತ್ತಾಂತವೂ ಇದನ್ನೇ ಹೇಳುತ್ತದೆ. ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಹುಟ್ಟಿದ ವೇದಾ, ಅವತಿ ಎಂಬೆರಡು ತೊರೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗಿ, ಹೊಸದುರ್ಗ ತಾಲ್ಲೂಕನ್ನು ಹಾದು ಬಂದು, ಆ ಕಣಿವೆಯ ಕಟ್ಟೆಯಲ್ಲಿ ನಿಲ್ಲುತ್ತವೆ. ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನು ಹೊತ್ತ ಆ ಸಾಗರವು ೧೯೦೭ರಲ್ಲಿ ಪೂರ್ಣವಾಯಿತು. ೧೩೦ ಅಡಿ ನೀರು ನಿಂತರೆ ಅದಕ್ಕೆ ತುಂಬು. ೧೯೩೩ರಲ್ಲಿ ಒಮ್ಮೆ ಕೋಡಿಬಿದ್ದಿತು. ಅನಂತರ ಮಗು ಹುಟ್ಟಿ ಮುದುಕನಾಗುವಷ್ಟು ಕಾಲ ಕಳೆದರೂ ಮತ್ತೆ ಕೋಡಿ ಬೀಳಲಿಲ್ಲ. ಮಳೆಯ ಕೊರತೆಯೂ ಕಾರಣ. ಮೇಲಿನ ಪ್ರದೇಶದಲ್ಲಿ ನೀರಿನ ದಾರಿಗೆ ಮನುಷ್ಯನು ಒಡ್ಡಿದ ಅಡ್ಡಿಗಳೂ, ನದಿಯ ಒಡಲಿನ ಮರಳನ್ನು ತೋಡಿದ್ದೂ, ನೆಲದೊಳಗಿನ ನೀರನ್ನು ಎತ್ತಿಯೆತ್ತಿ ನೆಲವನ್ನು ಒಣಗಿಸಿದ್ದೂ ಕಾರಣ. ೨೦೧೭ರ ಸುಮಾರಿಗೆ ಜಲಾಶಯ ತಳಮುಟ್ಟಿದಾಗ ಹಿರಿಯೂರಿನ ತೆಂಗು ಅಡಕೆಯ ತೋಟಗಳು ನಿಂತಲ್ಲೇ ಒಣಗಿದುದನ್ನು ಕಂಡವರು ಮರೆಯಲಾರರು. ಕೊನೆಗೆ ಭದ್ರೆಯ ನೀರು ೨೦೧೯ರಿಂದ ಬರತೊಡಗಿತು. ಮಳೆಯೂ ಕೃಪೆ ಮಾಡಿತು. ೨೦೨೨ರಲ್ಲಿ, ಅಂದರೆ ೮೯ ವರ್ಷಗಳ ಮೇಲೆ, ಸಾಗರ ಕೋಡಿಬಿದ್ದಿತು. ೨೦೨೫ರ ಜನವರಿಯಲ್ಲಿ ಮತ್ತೆ ಬಿದ್ದಿತು. ಜನ ತಂಡತಂಡವಾಗಿ ಹೋಗಿ ನೋಡಿ, ಬಾಗಿನ ಅರ್ಪಿಸಿ ಬಂದರು. ಸಂತೋಷ. ಆದರೆ ಬಾಗಿನ ಅರ್ಪಿಸಿದ ಕೈ ತನ್ನೂರಿನ ಹಳ್ಳದ ಮೇಲೆ ಏನು ಮಾಡುತ್ತಿದೆಯೆಂಬುದನ್ನೂ ಗಂಗಮ್ಮ ನೋಡದೆ ಇರಳು.

ಕೆರೆಯ ಕಾಯಕವೆಂದೊಡನೆ ನಮ್ಮ ಮನಸ್ಸಿಗೆ ಬರುವವರು ಸೊನ್ನಲಿಗೆಯ ಸಿದ್ಧರಾಮೇಶ್ವರರು. ಲೋಕೋಪಕಾರಕ್ಕಾಗಿ ಅವರು ಕೆರೆಯನ್ನು ತೋಡಿಸುತ್ತಿದ್ದ ಕಾಲದಲ್ಲಿ ಅಲ್ಲಮಪ್ರಭುಗಳು ಅಲ್ಲಿಗೆ ಬಿಜಯಂಗೈದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿ ಬಂದಿದೆ. ಪ್ರಭುದೇವರು ಕೆರೆಯ ದಂಡೆಯಲ್ಲಿ ನಿಂತು, ಮಣ್ಣು ಹೊರುವ ಒಡ್ಡನಾದ ಸಿದ್ಧರಾಮನೆಲ್ಲಿ ಎಂದು ಕೇಳಿದರಂತೆ. ತಮ್ಮ ಗುರುವನ್ನು ಹೀನೈಸಿದರೆಂದು ಕೆಲಸಗಾರರು ಕೆರಳಿ ಕಲ್ಲೆಸೆದರು, ಸಿದ್ಧರಾಮರೂ ಕೋಪಗೊಂಡರು. ಪ್ರಭುಗಳು ಅಲುಗಲಿಲ್ಲ. ಮುಂದೆ ಸಂವಾದ ನಡೆದು, ಸಿದ್ಧರಾಮರ ಕಣ್ಣು ತೆರೆದು, ಅವರು ಕಲ್ಯಾಣಕ್ಕೆ ತೆರಳಿ ಚೆನ್ನಬಸವಣ್ಣನವರಿಂದ ಇಷ್ಟಲಿಂಗವನ್ನು ಪಡೆದರು.

ಈ ಪ್ರಸಂಗವನ್ನು ತಪ್ಪಾಗಿ ತಿಳಿಯುವವರುಂಟು. ಕೆರೆ ಕಟ್ಟುವುದು ಕೆಳಗಿನ ಮಾರ್ಗ, ಧ್ಯಾನ ಮೇಲಿನ ಮಾರ್ಗ, ಎಂದು ಪ್ರಭುಗಳು ಬೋಧಿಸಿದರೆಂದು ಅವರ ಅಭಿಪ್ರಾಯ. ಇದು ಸಮಂಜಸವಲ್ಲ. ಪ್ರಭುಗಳು ಅಗೆಯುವ ಗುದ್ದಲಿಯನ್ನು ನಿಲ್ಲಿಸಲಿಲ್ಲ. ಗುದ್ದಲಿಯೊಳಗೆ ಹೊಕ್ಕಿದ್ದ ‘ನಾನು’ ಎಂಬುದನ್ನು ಹೊರಗೆ ತೆಗೆದರು. ನಾನು ಕಟ್ಟಿಸಿದೆ, ನನ್ನಿಂದ ಜನಕ್ಕೆ ನೀರಾಯಿತು ಎಂಬ ಭಾವವು ಹೂಳಿನಂತೆ. ಹೊರಗಿನ ಕೆರೆ ಆಳವಾದಂತೆಲ್ಲ ಒಳಗಿನ ಕೆರೆಯಲ್ಲಿ ಅದು ತುಂಬುತ್ತ ಬರುತ್ತದೆ. ಒಡ್ಡನೆಂದು ಕರೆದಾಗ ಕೋಪ ಬಂದುದೇ ಹೂಳಿದ್ದುದಕ್ಕೆ ಸಾಕ್ಷಿ. ಮಣ್ಣು ಹೊರುವ ಕಾಯಕ ಹೀನವಲ್ಲದ ಮೇಲೆ ಆ ಹೆಸರಿಗೇಕೆ ಸಿಡುಕಬೇಕು? ನಾಡಿನ ಕೆರೆಕಟ್ಟೆಗಳನ್ನು ತಮ್ಮ ಬೆವರಿನಿಂದ ಕಟ್ಟಿದ ಭೋವಿ ಬಂಧುಗಳು ಇಂದಿಗೂ ಸಿದ್ಧರಾಮೇಶ್ವರರನ್ನು ತಮ್ಮ ಗುರುವೆಂದು ಆರಾಧಿಸುತ್ತಾರೆ. ಅವರ ಗುರುಪೀಠವು ಚಿತ್ರದುರ್ಗದಲ್ಲಿಯೇ ಇದೆ. ಸೊಲ್ಲಾಪುರದಲ್ಲಿ ಸಿದ್ಧೇಶ್ವರನ ಗುಡಿಯನ್ನು ಸುತ್ತುವರಿದು ಆ ಕೆರೆಯೂ ಇದೆ. ಅಹಂಕಾರ ಹೋಯಿತು, ಕೆರೆ ಉಳಿಯಿತು. ಕಾಯಕದ ಸಿದ್ಧಿಯೆಂದರೆ ಇದೇ.

ನಮ್ಮ ಕಾಲದಲ್ಲಿಯೂ ಈ ಮಾರ್ಗವು ಬರಿದಾಗಿಲ್ಲ. ಕೊಪ್ಪಳದ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಮಹಾಸ್ವಾಮಿಗಳು ೨೦೧೯ರಲ್ಲಿ ಹಿರೇಹಳ್ಳದ ಪುನರುಜ್ಜೀವನಕ್ಕೆ ಭಕ್ತರನ್ನು ಕರೆದರು. ತ್ಯಾಜ್ಯವೂ ಗಿಡಗಂಟಿಗಳೂ ತುಂಬಿಹೋಗಿದ್ದ ಇಪ್ಪತ್ತು ಕಿಲೋಮೀಟರಿಗೂ ಮಿಕ್ಕ ಹಳ್ಳವನ್ನು ಜನ ತಾವೇ ಇಳಿದು ಹಸನುಗೊಳಿಸಿದರು. ಸ್ವಾಮಿಗಳೂ ಅವರೊಡನೆ ಹಳ್ಳದಲ್ಲಿ ನಿಂತರು. ಅವರು ಕೆರೆಯನ್ನಲ್ಲದೆ ಹಳ್ಳವನ್ನೂ ಆರಿಸಿಕೊಂಡುದರಲ್ಲಿ ದೊಡ್ಡ ವಿವೇಕವಿದೆ. ನಮ್ಮ ಜಿಲ್ಲೆಯಲ್ಲಿ ಸಿರಿಗೆರೆಯ ಶ್ರೀ ತರಳಬಾಳು ಜಗದ್ಗುರು ಬೃಹನ್ಮಠದ ಶ್ರೀ ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳವರ ಪ್ರಯತ್ನದಿಂದ ೨೦೨೧ರಲ್ಲಿ ತುಂಗಭದ್ರೆಯ ನೀರು ಭರಮಸಾಗರದ ಕೆರೆಯನ್ನು ಮುಟ್ಟಿತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ೨೦೧೬ರಿಂದ ‘ನಮ್ಮೂರು ನಮ್ಮ ಕೆರೆ’ ಎಂದು ಹೂಳೆತ್ತಿಸುತ್ತ ಬಂದಿದ್ದಾರೆ. ೨೦೦೨ರಿಂದ ಜಲಸಂವರ್ಧನೆ ಯೋಜನಾ ಸಂಘದ ಮೂಲಕ ಊರೂರಲ್ಲಿ ಕೆರೆ ಬಳಕೆದಾರರ ಸಂಘಗಳು ಹುಟ್ಟಿದುವು. ಅವುಗಳಲ್ಲಿ ಕೆಲವು ಇಂದಿಗೂ ಉಸಿರಾಡುತ್ತಿವೆ, ಹಲವು ಹೆಸರಿಗೆ ಮಾತ್ರ ಉಳಿದಿವೆ.

ಇಷ್ಟೆಲ್ಲ ಇದ್ದೂ ಕೊರತೆಯೆಲ್ಲಿ? ಹೊರಗಿನಿಂದ ನೀರು ತರುವವರಿದ್ದಾರೆ, ಹೂಳು ತೆಗೆಯುವವರಿದ್ದಾರೆ. ತಾನು ತೆಗೆದುಕೊಂಡುದನ್ನು ಹಿಂದಕ್ಕೆ ಬಿಡುವವರು ಮಾತ್ರ ಕಡಿಮೆ. ಇದನ್ನು ಪರರ ಮೇಲಿಟ್ಟು ಹೇಳಿದರೆ ಉಪದೇಶ ಹಗುರವಾಗುತ್ತದೆ. ಆದುದರಿಂದ ನನ್ನ ಮನೆಯ ಮಾತನ್ನೇ, ಸಂಕೋಚದಿಂದಲಾದರೂ, ನಿಮ್ಮ ಮುಂದಿಡುತ್ತೇನೆ.

ನಾನು ಹೊಳಲ್ಕೆರೆ ತಾಲ್ಲೂಕಿನ ಒಂದು ಚಿಕ್ಕ ಊರಿನವನು. ಮಠದ ಶಾಲೆಯಲ್ಲಿ ಉಪಾಧ್ಯಾಯ. ಮೂರು ವರ್ಷಗಳ ಹಿಂದೆ ಬೇಸಗೆಯಲ್ಲಿ ನಮ್ಮೂರಿನ ತರುಣರು ಕೆರೆಯ ಕೆಲಸಕ್ಕೆ ಸಂಕಲ್ಪಮಾಡಿದರು. ಸೋಮವಾರ ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗವಿಡುವುದಿಲ್ಲವಷ್ಟೆ. ಬಸವಣ್ಣನಿಗೆ ಬಿಡುವು, ನಮಗೆ ಕಾಯಕ ಎಂದು ಆ ದಿನವನ್ನೇ ಗೊತ್ತುಮಾಡಿದರು. ಅಂಗಳವನ್ನೆಲ್ಲ ಆವರಿಸಿದ್ದ ಬಳ್ಳಾರಿಜಾಲಿಯನ್ನು ಕಡಿದು ಬುಡಸಮೇತ ಕಿತ್ತರು. ಗೋಡುಮಣ್ಣನ್ನು ಬೇಕಾದವರು ಹೊಲಗಳಿಗೆ ಒಯ್ದರು. ತೂಬಿನ ಬಾಯಿ ಬಿಡಿಸಿದರು. ಕೈ ಬೊಕ್ಕೆಯೆದ್ದರೂ ಮುಖ ಬಾಡಲಿಲ್ಲ. ಪ್ರತಿ ಸೋಮವಾರ ಕೆಲಸದ ಮೊದಲು ಕೆರೆಯ ಏರಿಯ ಮೇಲೆ ನಿಂತು ಶರಣರ ವಿಚಾರವಾಗಿ ನಾಲ್ಕು ಮಾತು ಹೇಳುವ ಭಾಗ್ಯವನ್ನು ನನಗೆ ಕೊಟ್ಟಿದ್ದರು. ಒಂದು ದಿನ ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ಹೇಳಿದೆ.

ಆ ಕಥೆ ನಿಮಗೆಲ್ಲ ತಿಳಿದುದೇ. ಕಲ್ಯಾಣದಲ್ಲಿ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುವುದು ಮಾರಯ್ಯನವರ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಬಂದಿತು. ಅದನ್ನು ಕಂಡ ಲಕ್ಕಮ್ಮನವರು ಹಿಗ್ಗಲಿಲ್ಲ. ಇದು ನಮ್ಮ ಅಳತೆಗೆ ಮೀರಿದ್ದು, ಆಸೆಯಿಂದ ಬಂದುದು; ತಂದಲ್ಲಿಗೇ ಒಯ್ದು ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಬಡತನದಲ್ಲಿದ್ದವರು ಅವರು. ಹೆಚ್ಚಿನ ಅಕ್ಕಿ ಕದ್ದುದೂ ಅಲ್ಲ, ಯಾರೂ ಕೇಳುವವರೂ ಇರಲಿಲ್ಲ. ಆದರೂ ಸಲ್ಲದು ಎಂದರು. ತರುಣರು ತಲೆದೂಗಿದರು. ನಾನೂ ಪ್ರಸನ್ನಚಿತ್ತನಾಗಿ ಮನೆಗೆ ಬಂದೆನು.

ಆ ವರ್ಷ ಮುಂಗಾರು ಚೆನ್ನಾಗಿಯೇ ಆಯಿತು. ನೆರೆಯೂರಿನ ಕೆರೆಗೆ ನೀರು ಬಂದಿತು. ಅಷ್ಟು ಬೆವರು ಸುರಿಸಿದ ನಮ್ಮ ಕೆರೆಯಲ್ಲಿ ಮೊಣಕಾಲುದ್ದವೂ ನಿಲ್ಲಲಿಲ್ಲ. ತರುಣರ ಮುಖವನ್ನು ನೋಡಲಾಗಲಿಲ್ಲ. ಆಗ, ಹಿಂದೆ ನೀರಗಂಟಿಯಾಗಿದ್ದ ವೃದ್ಧನೊಬ್ಬನು ಏರಿಯ ಮೇಲೆ ಕುಳಿತಿದ್ದವನು, “ಮೇಷ್ಟ್ರೇ, ಹೊಟ್ಟೆ ತೊಳೆದಿರಿ, ಸರಿ. ಗಂಟಲು ಕಟ್ಟಿದೆಯಲ್ಲ, ಅದಕ್ಕೇನು ಮಾಡ್ತೀರಿ?” ಎಂದನು. ಮರುದಿನ ಅವನೊಡನೆ ಹಳ್ಳದ ಗುಂಟ ಮೇಲಕ್ಕೆ ನಡೆದೆವು. ಒಂದೆಡೆ ರಸ್ತೆಯ ಕೆಳಗಿನ ಮೋರಿ ಮಣ್ಣುತುಂಬಿ ಮುಚ್ಚಿತ್ತು. ಒಂದೆಡೆ ಹಳ್ಳದ ಅರ್ಧವೇ ಅಡಕೆತೋಟವಾಗಿತ್ತು. ಇನ್ನೊಂದೆಡೆ ಇಟ್ಟಿಗೆಗೆ ಮಣ್ಣು ತೆಗೆದು ಹಳ್ಳವೇ ದಿಕ್ಕು ತಪ್ಪಿತ್ತು. ಮತ್ತೊಂದೆಡೆ, ಹಳ್ಳ ತಿರುಗುವಲ್ಲಿ, ಒಂದು ಹೊಲದ ಬದು ಹಳ್ಳದೊಳಕ್ಕೆ ಸರಿದು ನಿಂತಿತ್ತು. ಅದರ ಮೇಲೆ ಹದಿನಾಲ್ಕು ತೆಂಗಿನಮರಗಳು ಸಾಲಾಗಿ ಫಲಹೊತ್ತು ನಿಂತಿದ್ದುವು. ವೃದ್ಧನು ಅಲ್ಲಿ ಏನೂ ಹೇಳಲಿಲ್ಲ. ಮಿಕ್ಕೆಡೆಗಳಲ್ಲಿ ಹೊಲದ ಒಡೆಯರ ಹೆಸರು ಹೇಳುತ್ತ ಬಂದವನು ಅಲ್ಲಿ ಮೌನವಾಗಿ ಮುಂದೆ ನಡೆದನು. ಏಕೆಂದರೆ ಅದು ನಮ್ಮ ಹೊಲ.

ಒಂದು ಬರದ ವರ್ಷ ನಮ್ಮ ತಂದೆಯವರು ಒಣಗಿದ ಹಳ್ಳದ ಅಂಚಿಗೆ ಬದುವನ್ನು ಸರಿಸಿ ತೆಂಗಿನ ಸಸಿ ನಟ್ಟುದು ನನಗೆ ನೆನಪಿದೆ. ಸಸಿಗೆ ನೀರೆರೆದವನು ನಾನೇ. ಅದು ಹಳ್ಳವೆಂದು ನನಗೆ ತಿಳಿಯದೆ ಇರಲಿಲ್ಲ. ತಿಳಿದುದನ್ನು ನೋಡದಿರುವುದು ಅಭ್ಯಾಸವಾಗಿತ್ತು. ಮನೆಗೆ ಬಂದು ಸುಮ್ಮನೆ ಕುಳಿತೆ. ನಮ್ಮ ಮನೆಯಾಕೆ ಸಂಗತಿಯನ್ನೆಲ್ಲ ಕೇಳಿ, “ಲಕ್ಕಮ್ಮನವರ ಕಥೆಯನ್ನು ಊರಿಗೆಲ್ಲ ಹೇಳಿ ಬಂದಿರಿ. ಹಳ್ಳದಲ್ಲಿರುವ ನಮ್ಮ ತೆಂಗಿನ ಸಾಲು ಯಾವ ಅಕ್ಕಿ?” ಎಂದರು. ನಾನು ಓದಿದ ಕನ್ನಡ ಸಂಸ್ಕೃತಗಳಲ್ಲಿ ಎಲ್ಲಿಯೂ ಅದಕ್ಕೆ ಉತ್ತರವಿರಲಿಲ್ಲ.

ಹೊಲದಲ್ಲಿ ನನ್ನ ತಮ್ಮನಿಗೂ ಪಾಲುಂಟು. ಆತನು ಒಪ್ಪಲಿಲ್ಲ. ಮೇಲೆ ಅಷ್ಟು ಜನ ತಿಂದಿರುವಾಗ ನಾವೊಬ್ಬರೇ ಬಿಟ್ಟರೆ ಕೆರೆ ತುಂಬೀತೇ ಎಂದು ಕೇಳಿದನು. ಅವನ ಪ್ರಶ್ನೆ ನ್ಯಾಯವಾದುದೇ. ನಮ್ಮೊಬ್ಬರಿಂದ ತುಂಬಲಾರದು, ಆದರೆ ಇಟ್ಟುಕೊಂಡು ನಾನು ಮತ್ತೆ ಏರಿಯ ಮೇಲೆ ನಿಂತು ಮಾತನಾಡಲಾರೆ ಎಂದೆ. ಗ್ರಾಮದ ನಕಾಶೆ ತರಿಸಿ ಅಳತೆ ಮಾಡಿಸಿದೆವು. ಹದಿನಾಲ್ಕರಲ್ಲಿ ಒಂಬತ್ತು ಮರಗಳು ಹಳ್ಳದ ಪಾಲಿನವು. ನನ್ನ ಪಾಲಿನ ಐದು ಮರಗಳನ್ನು ಅವನಿಗೇ ಬಿಟ್ಟುಕೊಟ್ಟು, ಆ ಒಂಬತ್ತನ್ನು ತೆಗೆಸಿ, ಬದುವನ್ನು ಹಿಂದಕ್ಕೆ ಸರಿಸಿದೆವು. ಫಲಬಿಟ್ಟ ತೆಂಗು ಉರುಳುವ ಸದ್ದನ್ನು ಕೇಳಿದವರಿಗೆ ಗೊತ್ತು. ಅದು ಎದೆಯಮೇಲೆ ಬೀಳುತ್ತದೆ. ತಮ್ಮನು ಎರಡು ತಿಂಗಳು ಮಾತು ಬಿಟ್ಟನು. ಈಗ ಮಾತನಾಡುತ್ತಾನೆ, ತೆಂಗಿನ ವಿಷಯ ಮಾತ್ರ ಎತ್ತುವುದಿಲ್ಲ.

ಇದರಿಂದ ಪವಾಡವೇನೂ ನಡೆಯಲಿಲ್ಲ. ಆ ಮೇಲೆ ಹಳ್ಳದ ಮೇಲಿನ ಇಬ್ಬರು ತಾವಾಗಿ ಬದು ಸರಿಸಿದರು, ಮೂವರು ಸರಿಸಿಲ್ಲ. ರಸ್ತೆಯ ಮೋರಿಯನ್ನು ತರುಣರು ಬಿಡಿಸಿದರು. ಕಳೆದ ಹಿಂಗಾರಿನಲ್ಲಿ ಕೆರೆಯ ನೀರು ತೂಬಿನ ಮಟ್ಟವನ್ನು ಮೀರಿ ನಿಂತಿತು, ಕೋಡಿ ಬೀಳಲಿಲ್ಲ. ಏರಿಯ ಕೆಳಗಿನ ಹಳೆಯ ಬಾವಿಯಲ್ಲಿ ಬಹುಕಾಲದ ಮೇಲೆ ನೀರು ಕಂಡಿತು. ಆ ಬಾವಿಯಿಂದ ಒಂದು ತಂಬಿಗೆ ಸೇದಿ ತಂದು ಲಿಂಗಕ್ಕೆರೆದ ದಿನ ನನಗಾದ ಸಮಾಧಾನವನ್ನು ನಾನು ಯಾವ ತೆಂಗಿನ ಬೆಲೆಗೂ ಕೊಡಲಾರೆ.

ನಾನು ಹೇಳಬೇಕೆಂದಿರುವುದು ಇಷ್ಟೆ. ಪಂಚಾಚಾರಗಳನ್ನು ನಾವು ಬಾಯಿಪಾಠ ಮಾಡಿದ್ದೇವೆ. ಅವುಗಳಲ್ಲಿ ಮೂರನ್ನು ಕೆರೆಯ ದಂಡೆಗೆ ತಂದು ನೋಡೋಣ. ಮೊದಲನೆಯದು ಸದಾಚಾರ. ಸತ್ಯಶುದ್ಧವಾದ ಗಳಿಕೆಯಿಂದಲ್ಲದೆ ದಾಸೋಹ ಸಲ್ಲದೆಂಬುದು ಅದರ ತಿರುಳು. ಕೆರೆಯ ಅಂಗಳವನ್ನೋ ಹಳ್ಳವನ್ನೋ ಒತ್ತಿ ಬೆಳೆದ ಧಾನ್ಯದಿಂದ ಜಂಗಮರಿಗೆ ಎಡೆ ಮಾಡಿದರೆ, ಕೆಳಗಿನೂರಿನ ಬಾಯಾರಿದವನ ಪಾಲನ್ನೇ ಬಡಿಸಿದಂತಾಗುತ್ತದೆ. ಆದುದರಿಂದ ಶ್ರಮದಾನಕ್ಕೆ ಹೊರಡುವ ಮುನ್ನ ಪ್ರತಿಯೊಬ್ಬನೂ ತನ್ನ ಹೊಲದ ಬದುವಿನ ಮೇಲೆ ಒಮ್ಮೆ ನಡೆದು ಬರಲಿ. ಎರಡನೆಯದು ಗಣಾಚಾರ. ಸಮುದಾಯಕ್ಕೆ ಆಗುವ ಅನ್ಯಾಯವನ್ನು ಕಂಡೂ ಸುಮ್ಮನಿರಲಾಗದು ಎಂಬುದು ಅದರ ನಿಯಮ. ಕೆರೆಗಳ ಸಂರಕ್ಷಣೆಗಾಗಿ ೨೦೧೪ರಲ್ಲಿಯೇ ರಾಜ್ಯವು ಶಾಸನ ಮಾಡಿದೆ. ಒತ್ತುವರಿ ಅಪರಾಧವೆಂದು ಅದು ಸಾರುತ್ತದೆ. ಆದರೆ ಕಾನೂನು ತಾನಾಗಿ ನಡೆದು ಹಳ್ಳಕ್ಕೆ ಬರಲಾರದು. ಊರಿನವರು ನಕಾಶೆ ಹಿಡಿದು ಒಟ್ಟಾಗಿ ನಿಂತು ಕೇಳಬೇಕು. ಕೇಳುವಾಗ ದ್ವೇಷವಿರಬಾರದು. ಬಡವನ ನಾಲ್ಕು ಗುಂಟೆಯನ್ನು ಮೊದಲು ಹಿಡಿದು ಧನಿಕನ ನಾಲ್ಕೆಕರೆಯನ್ನು ಕೊನೆಗೆ ಬಿಡುವುದು ಗಣಾಚಾರವಲ್ಲ. ಮೂರನೆಯದು ಭೃತ್ಯಾಚಾರ. ನಾನು ಎಲ್ಲರಿಗಿಂತ ಕಿರಿಯನೆಂಬ ಭಾವ. ಒಂದು ದಿನ ಯಂತ್ರ ತರಿಸಿ, ಚಿತ್ರ ತೆಗೆಸಿ, ಹೆಸರಿನ ಕಲ್ಲು ನಿಲ್ಲಿಸಿ ಮರಳುವವರು ಪ್ರಭುದೇವರ ಪ್ರಶ್ನೆಯನ್ನು ನೆನೆಯಲಿ. ಕೆರೆಗೆ ಬೇಕಾದುದು ಒಂದು ದಿನದ ಉತ್ಸವವಲ್ಲ. ವರ್ಷವರ್ಷವೂ ಬರುವ ಕೈ.

ಇವು ದೊಡ್ಡ ಹಣದ ಕೆಲಸಗಳೂ ಅಲ್ಲ. ಮಳೆಗಾಲಕ್ಕೆ ಮುಂಚೆ ಹಳ್ಳದ ಗಂಟಲನ್ನು ಬಿಡಿಸುವುದು. ಏರಿಯ ಮೇಲಿನ ಗಿಡಗಳನ್ನು ಬೇರೂರುವ ಮೊದಲೇ ಕೀಳುವುದು. ಮೇಲಿನ ಇಳಿಜಾರಿನಲ್ಲಿ ಹೊಂಗೆ, ಬೇವು, ನೇರಳೆಗಳನ್ನು ನೆಟ್ಟು ಎರಡು ಬೇಸಗೆ ನೀರೆರೆಯುವುದು. ಕಲ್ಯಾಣಮಂಟಪದ ಎಲೆ ಲೋಟಗಳನ್ನೂ, ಬಣ್ಣ ಬಳಿದ ವಿಗ್ರಹಗಳನ್ನೂ ಕೆರೆಗೆ ಹಾಕದಿರುವುದು. ಗೋಡುಮಣ್ಣನ್ನು ಇಟ್ಟಿಗೆಗೂಡಿಗೆ ಮಾರದೆ ಹೊಲಕ್ಕೆ ಒಯ್ಯುವುದು. ಗುಡ್ಡಕ್ಕೆ ಬೆಂಕಿಯಿಡುವವರನ್ನು ತಡೆಯುವುದು. ಮನೆಗೊಬ್ಬರು, ತಿಂಗಳಿಗೊಂದು ಸೋಮವಾರ ಬಂದರೆ ಸಾಕು.

ಇದು ವೈಶಾಖಮಾಸ, ಬಸವಜಯಂತಿಯ ತಿಂಗಳು. ಮುಂಗಾರಿಗೆ ಇನ್ನು ಹೆಚ್ಚು ದಿನಗಳಿಲ್ಲ. ಮೋಡಗಳು ತಮ್ಮ ಕಾಯಕವನ್ನು ಮಾಡಲು ಹೊರಟು ನಿಂತಿವೆ. ಅವು ತಂದ ಹನಿಗೆ ನಾವು ದಾರಿಬಿಟ್ಟಿದ್ದೇವೆಯೇ, ಇಲ್ಲವೇ ಎಂಬುದೊಂದೇ ಉಳಿದಿರುವ ಪ್ರಶ್ನೆ. ನಮ್ಮ ನಮ್ಮ ಮನೆಗಳಲ್ಲಿಯೂ ಒಬ್ಬ ಲಕ್ಕಮ್ಮನವರಿದ್ದಾರು. ಅವರು ಕೇಳುವ ಮೊದಲೇ ಹೆಚ್ಚಿನ ಅಕ್ಕಿಯನ್ನು ತಂದಲ್ಲಿಗೆ ಮರಳಿ ಸುರಿಯೋಣ. ಜಲಮೂರ್ತಿಯಾದ ಪರಶಿವನು ನಮ್ಮ ಕೆರೆಗಳಲ್ಲಿ ನೆಲೆಸಲಿ, ಕೋಡಿಯಾಗಿ ಹರಿದು ಕೆಳಗಿನೂರನ್ನೂ ಸೇರಲಿ, ನಮಗೆಲ್ಲರಿಗೂ ಸದ್ಬುದ್ಧಿಯನ್ನು ಕರುಣಿಸಲಿ.